ಲಿವರ್ ಗಡ್ಡೆಗೆ ರಕ್ತನಾಳ ಮುಚ್ಚುವ ಚಿಕಿತ್ಸೆ: ಯಾವ ಜ್ವರ ಮಾಮೂಲು, ಯಾವುದು ಅಪಾಯ?

ಜಯನಗರ: ಜಯದೇವ ಹೃದ್ರೋಗ ಆಸ್ಪತ್ರೆ ಅಂದ್ರೆ ಕಟ್ಟಿಕೊಂಡ ರಕ್ತನಾಳ ಬಿಡಿಸುವ ಜಾಗ ಅಂತ ಜೆ.ಪಿ. ನಗರ, ಬಿಟಿಎಂ ಲೇಔಟ್, ಬನಶಂಕರಿ ಕಡೆಯವರಿಗೆಲ್ಲ ಗೊತ್ತು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದರ ಉಲ್ಟಾ ಕೆಲಸವೂ ಇದೆ. ಬೇರೆ ಅಂಗದಿಂದ ಲಿವರ್‌ಗೆ ಹರಡಿದ ಗಡ್ಡೆಗೆ ರಕ್ತ ಸಿಗದ ಹಾಗೆ ನಾಳವನ್ನು ಬೇಕಂತಲೇ ಮುಚ್ಚುತ್ತಾರೆ. ಇದೇ ಎಂಬೊಲೈಸೇಶನ್.

ಹೇಗೆ ಮಾಡ್ತಾರೆ?

ಲಿವರ್‌ಗೆ ಎರಡು ದಾರಿಯಲ್ಲಿ ರಕ್ತ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯ ಪೋರ್ಟಲ್ ನಾಳದಿಂದ, ಉಳಿದದ್ದು ಹೆಪಾಟಿಕ್ ಅಪಧಮನಿಯಿಂದ. ಗಡ್ಡೆ ಮಾತ್ರ ಹೆಚ್ಚಾಗಿ ಅಪಧಮನಿಯನ್ನೇ ನಂಬಿರುತ್ತದೆ. ತೊಡೆಸಂದು ಅಥವಾ ಮಣಿಕಟ್ಟಿನಿಂದ ಸಣ್ಣ ಕೊಳವೆ ಕಳಿಸಿ, ಗಡ್ಡೆಯ ಹತ್ತಿರ ಸೂಕ್ಷ್ಮ ಕಣಗಳನ್ನು ಬಿಟ್ಟು ನಾಳ ಮುಚ್ಚುತ್ತಾರೆ. ಜತೆಗೆ ಕೀಮೋ ಔಷಧ ಸೇರಿಸಿದರೆ ಅದು 'ಟೇಸ್'.

ದೊಡ್ಡ ಕರುಳಿನ ಕ್ಯಾನ್ಸರ್ ಅಥವಾ ನ್ಯೂರೋಎಂಡೋಕ್ರೈನ್ ಗಡ್ಡೆ ಲಿವರ್‌ಗೆ ಹರಡಿ, ಆಪರೇಷನ್ ಸಾಧ್ಯವಿಲ್ಲದಾಗ ಇದನ್ನು ಯೋಚಿಸುತ್ತಾರೆ. ಸಾಮಾನ್ಯವಾಗಿ ಇದು ರೋಗವನ್ನು ಹತೋಟಿಯಲ್ಲಿಡುವ ಚಿಕಿತ್ಸೆ, ಪೂರ್ತಿ ವಾಸಿ ಮಾಡುವುದಲ್ಲ.

ಮಾಮೂಲು ತೊಂದರೆ

ಜ್ವರ, ಹೊಟ್ಟೆಯ ಬಲಭಾಗದ ಮೇಲೆ ನೋವು, ವಾಕರಿಕೆ, ಸುಸ್ತು ತುಂಬ ಜನರಿಗೆ ಬರುತ್ತದೆ. ಗಡ್ಡೆಯ ಜೀವಕೋಶಗಳು ಸಾಯುವುದರಿಂದ ಹೀಗಾಗುತ್ತದೆ. ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗಬೇಕು. ಸುಸ್ತು ಕೆಲವು ವಾರ ಇರಬಹುದು. ಅಂಗಡಿಯವರು ಮರುದಿನವೇ ಗಲ್ಲಾದಲ್ಲಿ ಕೂರುವ ಯೋಚನೆ ಬಿಡುವುದು ಒಳ್ಳೆಯದು.

ಅಪರೂಪದ, ಆದರೆ ದೊಡ್ಡ ಅಪಾಯ

* ಲಿವರ್‌ನಲ್ಲಿ ಕೀವು: ಸತ್ತ ಭಾಗಕ್ಕೆ ಸೋಂಕು ತಗುಲಿದರೆ ಕೀವು ಕಟ್ಟುತ್ತದೆ. ಪಿತ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ, ಪಿತ್ತನಾಳವನ್ನು ಕರುಳಿಗೆ ಜೋಡಿಸುವ ಆಪರೇಷನ್ ಆದವರಿಗೆ ಈ ಅಪಾಯ ಹೆಚ್ಚು.
* ಲಿವರ್ ಸೋಲುವುದು: ಮೊದಲೇ ಕಾಮಾಲೆ, ಹೊಟ್ಟೆಯಲ್ಲಿ ನೀರು ಇದ್ದರೆ ಅಥವಾ ಪೋರ್ಟಲ್ ನಾಳ ಕಟ್ಟಿದ್ದರೆ ಉಳಿದ ಲಿವರ್ ತಡೆಯಲಿಕ್ಕಿಲ್ಲ. ಪ್ರಾಣಕ್ಕೂ ಕುತ್ತು ಬರಬಹುದು.
* ಕಣ ದಾರಿ ತಪ್ಪುವುದು: ಪಿತ್ತಕೋಶ ಅಥವಾ ಜಠರದ ನಾಳಕ್ಕೆ ಹೋದರೆ ಉರಿಯೂತ, ಹುಣ್ಣು ಆಗಬಹುದು.
* ಕಿಡ್ನಿಗೆ ಪೆಟ್ಟು: ನಾಳ ಕಾಣಲು ಬಿಡುವ ಡೈ ಕಿಡ್ನಿಗೆ ಭಾರವಾಗಬಹುದು. ಮೊದಲೇ ಕಿಡ್ನಿ ತೊಂದರೆ ಇರುವವರು, ಅದರಲ್ಲೂ ಶುಗರ್ ಇದ್ದವರು ಎಚ್ಚರ ವಹಿಸಬೇಕು.
* ರಕ್ತಸ್ರಾವ: ಕೊಳವೆ ಹಾಕಿದ ಜಾಗದಲ್ಲಿ ರಕ್ತ ಒಸರಬಹುದು, ಬಾವು ಬರಬಹುದು.

ಮೊದಲೇ ಹೇಳಬೇಕಾದ್ದು

ಶುಗರ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಹಳೇ ಆಪರೇಷನ್, ಅಲರ್ಜಿ ಯಾವುದನ್ನೂ ಮುಚ್ಚಿಡಬಾರದು. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಲೂಬಾರದು. ಬಿಲಿರುಬಿನ್, ಕ್ರಿಯಾಟಿನಿನ್ ಎಷ್ಟಿದೆ, ಬೇರೆ ಚಿಕಿತ್ಸೆ ಏನಿದೆ ಅಂತ ಕೇಳಿ ತಿಳಿದುಕೊಳ್ಳಿ. ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ, 1973ರಲ್ಲಿ ಶುರುವಾದ ಸರ್ಕಾರಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಡೇರಿ ಸರ್ಕಲ್ ಹತ್ತಿರವೇ ಇದೆ. ಸ್ಕ್ಯಾನ್ ಸಿಡಿ, ಬಯಾಪ್ಸಿ ರಿಪೋರ್ಟ್ ಜತೆಗಿರಲಿ.

ಯಾವಾಗ ಓಡಬೇಕು?

ಇಳಿದ ಜ್ವರ ಮತ್ತೆ ಬಂದರೆ, ಚಳಿ ಹಿಡಿದು ನಡುಗಿದರೆ, ನೋವು ದಿನೇದಿನೇ ಜಾಸ್ತಿಯಾದರೆ, ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಮಾತು ತಡವರಿಸಿದರೆ, ಕಪ್ಪು ಮಲ ಹೋದರೆ ಕಾಯಬೇಡಿ. ಮೆಡಿಕಲ್ ಶಾಪ್‌ನಿಂದ ಜ್ವರದ ಮಾತ್ರೆ ತಂದು ನುಂಗಿ ಮಲಗಿದರೆ ಜ್ವರ ಇಳಿದಂತೆ ಕಾಣುತ್ತದೆ, ಒಳಗಿನ ಕೀವು ಹಾಗೇ ಇರುತ್ತದೆ. ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ತುರ್ತು ನಂಬರನ್ನು ಡಿಸ್ಚಾರ್ಜ್ ದಿನವೇ ಬರೆದುಕೊಂಡು, ರಾತ್ರಿಯಾದರೂ ಸರಿ, ಫೋನ್ ಮಾಡಿ ಹೊರಡಿ.