ಅಶೋಕವಲ್ಲ, ಕನ್ನೈದಿಲೆ: ಒಂದು ತಿದ್ದುಪಡಿ

ಹೋದ ತಿಂಗಳು ಗೊರೇಬಾಳದಲ್ಲಿ ನಮ್ಮ ಅಕ್ಕನ ಮಗಳಿಗೆ ಹೂ ಮುಡಿಸುವ ಶಾಸ್ತ್ರ ಇತ್ತು. ಮಲ್ಲಿಗೆ ದಂಡೆ ಮುಡಿದು ಕೂತಿದ್ದ ಹುಡುಗಿ ನನ್ನನ್ನು ಕರೆದು, "ಮಾಮಾ, ರಜಾ ಬಂದ್ರ ಕಲ್ಲು ಓದಾಕ ಹೋಗ್ತಿಯಲ್ಲ, ಶಾಸನದಾಗ ಪ್ರೀತಿ ಹೂವಿನ ಸುದ್ದಿ ಏನರ ಐತೇನು?" ಅಂತ ಕೇಳಿದಳು. ನಾನು ವೃತ್ತಿಯಿಂದ ಎಂಜಿನಿಯರ್. ಶಾಸನ ಓದುವುದನ್ನು ಗುರುವಿಲ್ಲದೆ, ಅಚ್ಚಾದ ಸಂಪುಟಗಳನ್ನು ಮುಂದಿಟ್ಟುಕೊಂಡು ಕಲಿತವನು. ನಾಲ್ಕು ಮಂದಿ ಎದುರಿಗೆ ಕೇಳಿದ್ದಕ್ಕೆ ಹುರುಪು ಬಂತು. "ಇಲ್ಲೇ ಮಸ್ಕ್ಯಾಗ ಐತಲ್ಲವಾ, ಅಶೋಕ! ಕಾಮನ ಐದು ಬಾಣದಾಗ ಅದೂ ಒಂದು" ಅಂದುಬಿಟ್ಟೆ. ಎಲ್ಲರಿಗೂ ಖುಷಿಯಾಯಿತು. ರಾತ್ರಿ ಮಲಗಿದಾಗ ಹೊಳೆಯಿತು, ಹೇಳಿದ್ದು ತಪ್ಪು.

ಮಸ್ಕಿಯ ಬಂಡೆ ಶಾಸನವನ್ನು 1915ರಲ್ಲಿ ಕಂಡವರು ಸಿ. ಬೀಡನ್, ಚಿನ್ನದ ಗಣಿ ಕೆಲಸದ ಎಂಜಿನಿಯರ್. (ಈ ಸಂಗತಿ ನನ್ನಂಥವರಿಗೆ ಸ್ವಲ್ಪ ಧೈರ್ಯ ಕೊಡುತ್ತದೆ.) ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿದರು. 'ದೇವಾನಂಪಿಯ' ಎಂಬ ಬಿರುದಿನ ಜೊತೆಗೆ 'ಅಸೋಕ' ಎಂಬ ಹೆಸರು ಅಲ್ಲಿ ಸಿಕ್ಕಿತು, ಹಾಗಾಗಿ ಆ ಬಂಡೆ ಜಗತ್ತಿಗೆಲ್ಲ ಗೊತ್ತಾಯಿತು. ಆದರೆ ಒಕ್ಕಣೆ ಪೂರಾ ಧರ್ಮದ್ದು. ರಾಜ ಬೌದ್ಧ ಉಪಾಸಕನಾದದ್ದು, ಸಣ್ಣವರು ದೊಡ್ಡವರು ಯಾರೇ ಆಗಲಿ ಧರ್ಮದಿಂದ ಮೇಲೆ ಬರಬಹುದು ಎಂಬುದು. ಅಲ್ಲಿ ಹೂವೂ ಇಲ್ಲ, ಪ್ರಣಯವೂ ಇಲ್ಲ. ಅಶೋಕ ಅಂದರೆ ಶೋಕವಿಲ್ಲದವನು. ತಾವರೆ, ಅಶೋಕ, ಮಾವು, ಮಲ್ಲಿಗೆ, ನೀಲೋತ್ಪಲ ಎಂಬ ಐದು ಬಾಣಗಳ ಪಟ್ಟಿ ನಮಗೆ ಬಂದದ್ದು ಮುಂದಿನ ಕಾಲದ ಸಂಸ್ಕೃತ ಪರಂಪರೆಯಿಂದ. ಹೆಣ್ಣಿನ ಕಾಲು ತಾಗಿದರೆ ಅಶೋಕ ಹೂ ಬಿಡುತ್ತದೆ ಎಂಬ ಕವಿಸಮಯವನ್ನು ಕಾಳಿದಾಸ 'ಮಾಲವಿಕಾಗ್ನಿಮಿತ್ರ'ದಲ್ಲಿ ಬಳಸಿಕೊಂಡ. ಅವನೂ ಮೌರ್ಯರಿಗಿಂತ ಎಷ್ಟೋ ಶತಮಾನ ಈಚಿನವನು. ಈಚಿನ ಅರ್ಥವನ್ನು ಹಿಂದಿನ ಕಲ್ಲಿಗೆ ಹೊರಿಸುವುದು ಕಂಬ ಇಲ್ಲದ ಕಡೆ ತೊಲೆ ಇಟ್ಟ ಹಾಗೆ.

ಹಾಗಾದರೆ ಕಂಬ ಇರುವ ಕಲ್ಲು ಯಾವುದು? ಚಿತ್ರದುರ್ಗದ ಹತ್ತಿರದ ತಮಟಕಲ್ಲು. ಸುಮಾರು 5-6ನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ಈ ಶಾಸನ, ಕನ್ನಡ ಪದ್ಯಕ್ಕೆ ನಮಗೆ ಸಿಕ್ಕಿರುವ ತೀರಾ ಹಳೆಯ ನಿದರ್ಶನಗಳಲ್ಲಿ ಒಂದು. ಗುಣಮಧುರ ಎಂಬವನ ಹೊಗಳಿಕೆ ಅದು. ಅವನು ಭೋಗಿ, ಯುದ್ಧದಲ್ಲಿ ಗಟ್ಟಿಗ, ಪ್ರಣಯಿಗಳ ಪಾಲಿಗೆ ಕಾಮ. ಆ ಮಾತಿನ ಬೆನ್ನಿಗೇ ಅವನ ಮೈಬಣ್ಣ 'ಅಸಿತೋತ್ಪಲ'ದ್ದು, ಅಂದರೆ ಕನ್ನೈದಿಲೆಯದು ಎನ್ನುತ್ತದೆ.

ಇಲ್ಲಿಯೂ ಹುಷಾರಾಗಿರಬೇಕು. ಉತ್ಪಲದ ಮೊದಲ ಅರ್ಥ ಬಣ್ಣವೇ. ಆದರೆ ಕಾಮನ ಹೆಸರು ಪಕ್ಕದಲ್ಲೇ ಇದೆ, ಕನ್ನೈದಿಲೆ ಅವನ ಬಾಣವೂ ಹೌದು. ಪ್ರಣಯದ ಅರ್ಥವನ್ನು ನಾವು ಹೊರಗಿಂದ ತರಬೇಕಿಲ್ಲ, ಕಲ್ಲೇ ಕೊಡುತ್ತದೆ. ಇನ್ನೊಂದು ಗಮನಿಸಿ: ಇಲ್ಲಿ ಹೂವಿಗೆ ಹೋಲಿಸಿರುವುದು ಹೆಣ್ಣನ್ನಲ್ಲ, ಗಂಡಸನ್ನು, ಅದೂ ಕಾದಾಡುವ ಗಂಡಸನ್ನು. ವೀರಗಲ್ಲುಗಳ ಮುಂದೆ ನಿಂತಾಗಲೂ ಇದೇ ನೆನಪಾಗುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಸತ್ತ ವೀರನನ್ನು ಕರೆದೊಯ್ಯುವ ಸುರಾಂಗನೆಯರು, ಕೆಲವು ಕಡೆ ಅವರ ಕೈಯಲ್ಲಿ ಮಾಲೆ. ಪ್ರಾಣ ಕೊಟ್ಟವನಿಗೆ ಸ್ವರ್ಗದಲ್ಲಿ ಹೂವು.

ಮನೆಯಲ್ಲಿ ಉಳಿದವಳಿಗೆ? ಶಾಸ್ತ್ರದ ದಿನ ನನ್ನ ತಂಗಿ ಪಡಸಾಲೆಗೆ ಬರಲೇ ಇಲ್ಲ, ಅಡಿಗೆ ಮನೆ ಬಾಗಿಲಲ್ಲೇ ನಿಂತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ಹೂ ಮುಡಿದಿಲ್ಲ. ನಾನು ಕಾಮನ ಬಾಣದ ಬಗ್ಗೆ ಭಾಷಣ ಮಾಡುವಾಗ ಅವಳು ಅಲ್ಲಿಂದಲೇ ಕೇಳಿಸಿಕೊಂಡಿದ್ದಳು.

ಮರುವಾರ ಹೋಗಿ ಹುಡುಗಿಗೆ ತಪ್ಪೊಪ್ಪಿಕೊಂಡೆ, ತಮಟಕಲ್ಲಿನ ಪಾಠ ತೋರಿಸಿ ಬಿಡಿಸಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಗಂಡಸ್ರಿಗೂ ಹೂವಿನ ಮಾತು ಬರದಾರ, ಸತ್ತವ್ರಿಗೂ ಮಾಲಿ ಹಾಕ್ಯಾರ. ಹಂಗಾದ್ರ ಚಿಗವ್ವಗ ಯಾಕ ಬ್ಯಾಡ ಮಾಮಾ?"

ಇಷ್ಟು ವರ್ಷದಲ್ಲಿ ದಾನದ ಕಲ್ಲು ಓದಿದ್ದೇನೆ, ದೇವರ ಹೂದೋಟಕ್ಕೆ ಭೂಮಿ ಬಿಟ್ಟದ್ದನ್ನು ಓದಿದ್ದೇನೆ. ಅವಳು ಮುಡಿಯಬಾರದು ಅಂತ ಕೊರೆದಿಟ್ಟ ಕಲ್ಲು ಒಂದನ್ನೂ ಓದಿಲ್ಲ. ಅಷ್ಟನ್ನೇ ಹೇಳಿದೆ. ತಂಗಿ ಬಾಗಿಲಲ್ಲೇ ಇದ್ದಳು.