ಪದ ಪರಿಚಯ: ಅನಿಲ

ಅನಿಲ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಪೇಟೆಯ ಫಲಕಗಳಲ್ಲಿ ಅಡುಗೆಯ ಗ್ಯಾಸಿಗೆ ಪರ್ಯಾಯವಾಗಿ ನಿಂತು, ಬರೆಹದಲ್ಲಿ ಅಗ್ನಿವಾಚಿಯಾದ ‘ಅನಲ’ದೊಡನೆ ಆಗಾಗ ಬೆರೆತುಹೋಗುವ ಈ ಶಬ್ದವು, ಉಸಿರಾಡು ಎಂಬರ್ಥದ ‘ಅನ್’ ಧಾತುವಿನಿಂದ ಹುಟ್ಟಿ, ‘ಪ್ರಾಣ’ಕ್ಕೂ ಲ್ಯಾಟಿನ್ನಿನ ‘ಅನಿಮಾ’ಕ್ಕೂ ಬಂಧುವಾಗಿದೆ. ಮೂಲತಃ ಅದು ಬೀಸುವ ಗಾಳಿ. ಕೆಂಗಲ್ಲಿನ ಆಂಜನೇಯನು ಅನಿಲಸುತನೆನಿಸುವುದು ಅದರಿಂದಲೇ. ಸಿಲಿಂಡರಿನಲ್ಲಿ ಸೆರೆಯಾದ ಆ ಚಲನಾರ್ಥವನ್ನು ರೇಡಿಯೋ ಖಗೋಳವಿಜ್ಞಾನವು ಮರಳಿ ಕೊಟ್ಟಿದೆಯೆಂದೇ ನನ್ನ ಭಾವನೆ: ಆಕಾಶಗಂಗೆಯ ಜಲಜನಕವು ಹೊಮ್ಮಿಸುವ 21 ಸೆಂಟಿಮೀಟರಿನ ತರಂಗವು, ಅನಿಲಮೇಘವು ನಮ್ಮತ್ತ ಬರುವಾಗ ತುಸು ಕುಗ್ಗಿ, ದೂರ ಸರಿಯುವಾಗ ಹಿಗ್ಗುವುದರಿಂದ, ಆ ಮೇಘದ ವೇಗವು ಲೆಕ್ಕಕ್ಕೆ ದೊರೆಯುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯನ್ನು 1972ರಿಂದ ಮುನ್ನಡೆಸಿದ ವಿ. ರಾಧಾಕೃಷ್ಣನ್ನರು ಅದಕ್ಕೂ ಮೊದಲೇ, ಆಸ್ಟ್ರೇಲಿಯದ ಪಾರ್ಕ್ಸಿನಲ್ಲಿ, ಈ ತರಂಗವನ್ನೇ ಅಳೆದಿದ್ದರು.