ಹಳೆಯ ಮ್ಯಾನುಯಲ್ ಟೆಲಿಫೋಟೋ ಲೆನ್ಸ್‌ಗಳು: ಇತಿಹಾಸ ಮತ್ತು ಬಳಕೆ

ಫಿಲಂ ಕಾಲದಲ್ಲಿ ತಯಾರಾದ, ಕೈಯಿಂದಲೇ ಫೋಕಸ್ ಮಾಡಬೇಕಾದ ಟೆಲಿಫೋಟೋ ಲೆನ್ಸ್‌ಗಳನ್ನು ಕಡಿಮೆ ಬೆಲೆಗೆ ಸೆಕೆಂಡ್ ಹ್ಯಾಂಡ್ ಕೊಂಡು ಇಂದಿನ ಕ್ಯಾಮೆರಾಗಳಿಗೆ ಜೋಡಿಸಿ ಬಳಸುವ ರೂಢಿಯಿದೆ. ಇದರಲ್ಲಿ 135, 200 ಮತ್ತು 300 ಮಿ.ಮೀ. ಲೆನ್ಸ್‌ಗಳದೇ ಹೆಚ್ಚಿನ ಪಾಲು. ಹಕ್ಕಿ, ಶಿಲ್ಪ, ಮುಖಚಿತ್ರ, ಜಾತ್ರೆ, ಆಟೋಟಗಳ ಚಿತ್ರಣಕ್ಕೆ ಇವು ಒದಗುತ್ತವೆ. ಕ್ಯಾಮೆರಾಗಳ ಚರಿತ್ರೆಯನ್ನು ಸಾಮಾನ್ಯವಾಗಿ ಹೊಸ ಮಾದರಿಗಳು ಬಂದ ಕ್ರಮದಲ್ಲಿ ಬರೆಯುತ್ತಾರೆ. ಹೀಗಾಗಿ ಅಂಗಡಿಯ ಗಾಜಿನ ಕಪಾಟಿನಿಂದ ಇಳಿದ ಮೇಲೆ ಒಂದು ಲೆನ್ಸ್ ಏನಾಯಿತು ಎಂಬ ಭಾಗ ದಾಖಲಾಗದೆ ಉಳಿಯುತ್ತದೆ. ಗಾಜು ಚೆನ್ನಾಗಿದ್ದರೂ ಇವುಗಳ ಬೆಲೆ ಬಿದ್ದದ್ದಕ್ಕೆ ಮುಖ್ಯ ಕಾರಣ, ಲೆನ್ಸ್ ಮತ್ತು ಕ್ಯಾಮೆರಾ ಕೂಡುವ ಜಾಗ, ಎಂದರೆ ಮೌಂಟ್, ಕಾಲಕಾಲಕ್ಕೆ ಬದಲಾದದ್ದು. ಈ ಲೆನ್ಸ್‌ಗಳ ಚರಿತ್ರೆ ಬಹುಮಟ್ಟಿಗೆ ಮೌಂಟಿನ ಚರಿತ್ರೆಯೇ ಆಗಿದೆ.

ಅರ್ಥ

ದೂರದ್ದನ್ನು ಹತ್ತಿರ ತೋರಿಸುವ ಲೆನ್ಸನ್ನೆಲ್ಲ ‘ಟೆಲಿ’ ಎನ್ನುವುದು ವಾಡಿಕೆ. ಶಾಸ್ತ್ರದ ಪ್ರಕಾರ ಮುಂದೆ ಬೆಳಕನ್ನು ಒಗ್ಗೂಡಿಸುವ ಗಾಜುಗಳ ಗುಂಪು, ಹಿಂದೆ ಅದನ್ನು ಚದುರಿಸುವ ಗುಂಪು ಇದ್ದು, ಅದರಿಂದಾಗಿ ಲೆನ್ಸಿನ ಉದ್ದ ಅದರ ನಾಭಿದೂರಕ್ಕಿಂತ ಕಡಿಮೆಯಾದರೆ ಮಾತ್ರ ಅದು ಟೆಲಿಫೋಟೋ. ಹಾಗಿಲ್ಲದ ಉದ್ದನೆಯ ಲೆನ್ಸ್‌ಗಳು ದೀರ್ಘನಾಭಿ ಲೆನ್ಸ್‌ಗಳು. ಹಳೆಯ ಲೆನ್ಸ್‌ಗಳಲ್ಲಿ ಎರಡು ಬಗೆಯವೂ ಇವೆ. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಈ ಭೇದ ಎಣಿಕೆಗೆ ಬರುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ವ್ಯಾಪಕವಾಗಿದೆ. 200 ಮಿ.ಮೀ. ಲೆನ್ಸನ್ನು ಚಿಕ್ಕ ಸೆನ್ಸರಿನ ಕ್ಯಾಮೆರಾಕ್ಕೆ ಹಾಕಿದರೆ ಅದು 300 ಮಿ.ಮೀ. ಆಗುತ್ತದೆ ಎನ್ನುವವರುಂಟು. ಲೆನ್ಸ್ ಬದಲಾಗುವುದಿಲ್ಲ, ಚಿತ್ರದ ಅಂಚು ಕತ್ತರಿಸಿಹೋಗುತ್ತದೆ ಅಷ್ಟೆ. 20 ಮೀಟರ್ ದೂರದಲ್ಲಿ ಈ ಲೆನ್ಸ್ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸುಮಾರು 3.6 ಮೀಟರ್ ಅಗಲದ ದೃಶ್ಯವನ್ನೂ ಚಿಕ್ಕ ಸೆನ್ಸರಿನಲ್ಲಿ ಸುಮಾರು 2.4 ಮೀಟರ್ ಅಗಲವನ್ನೂ ಹಿಡಿಯುತ್ತದೆ.

ಆರಂಭ

ಟೆಲಿಫೋಟೋ ಲೆನ್ಸ್ ಮೊದಲು ಯಾರದು ಎಂಬುದು ವಿವಾದದ ವಿಷಯ. ಲಂಡನ್ನಿನ ಥಾಮಸ್ ರುಡಾಲ್ಫಸ್ ಡಾಲ್ಮೇಯರ್, ಬರ್ಲಿನ್ನಿನ ಅಡಾಲ್ಫ್ ಮೀಟೆ, ಮ್ಯೂನಿಕ್‌ನ ಸ್ಟೈನ್‌ಹೈಲ್, ಈ ಮೂವರೂ 1891ರ ಆಸುಪಾಸಿನಲ್ಲಿ ಬೇರೆ ಬೇರೆಯಾಗಿ ಇದೇ ರಚನೆಗೆ ಬಂದರು. ಇಂಗ್ಲಿಷ್ ಬರಹಗಳಲ್ಲಿ ಡಾಲ್ಮೇಯರ್ ಹೆಸರು ಮುಂದೆ ಬರಲು 1899ರಲ್ಲಿ ಅವರು ಈ ವಿಷಯದ ಬಗ್ಗೆ ಬರೆದ ಪುಸ್ತಕವೂ ಒಂದು ಕಾರಣ.

ಸ್ಕ್ರೂ ಮೌಂಟ್ ಮತ್ತು ರೂಪಾಯಿ ವ್ಯಾಪಾರ

ಇಂದು ಅಗ್ಗವಾಗಿ ಸಿಗುವ ಲೆನ್ಸ್‌ಗಳಲ್ಲಿ ಹಲವು ಎಂ42 ಮೌಂಟಿನವು: 42 ಮಿ.ಮೀ. ವ್ಯಾಸ, ಸುತ್ತಿಗೆ 1 ಮಿ.ಮೀ. ಸರಿಯುವ ತಿರುಪು. ಇದನ್ನು ‘ಪೆಂಟಾಕ್ಸ್ ಸ್ಕ್ರೂ’ ಎಂದು ಕರೆಯುವುದುಂಟು, ಆದರೆ ಅದರ ಮೂಲ ಪೂರ್ವ ಜರ್ಮನಿ. ಈ ಮೌಂಟಿನ ಕಾಂಟ್ಯಾಕ್ಸ್ ಎಸ್ ಮತ್ತು ಪ್ರ್ಯಾಕ್ಟಿಕಾ ಕ್ಯಾಮೆರಾಗಳು 1949ರಲ್ಲೇ ಹೊರಬಂದಿದ್ದವು. ಜಪಾನಿನ ಪೆಂಟಾಕ್ಸ್ ಅದನ್ನು ಅಳವಡಿಸಿಕೊಂಡದ್ದು 1957ರಲ್ಲಿ, ಬಿಟ್ಟದ್ದು 1975ರಲ್ಲಿ.

1953ರ ಡಿಸೆಂಬರಿನ ಭಾರತ–ಸೋವಿಯತ್ ವಾಣಿಜ್ಯ ಒಪ್ಪಂದ ರೂಪಾಯಿಯಲ್ಲೇ ಹಣ ಪಾವತಿಸಲು ದಾರಿ ಮಾಡಿತು. ಪೂರ್ವ ಜರ್ಮನಿಯೊಂದಿಗೂ ಇಂಥದೇ ವ್ಯಾಪಾರ ಬೆಳೆಯಿತು. ವಿದೇಶಿ ವಿನಿಮಯದ ಬಿಗಿಯಿಂದ ಜಪಾನಿ ಕ್ಯಾಮೆರಾಗಳು ದುಬಾರಿಯಾಗಿದ್ದ ಆ ದಶಕಗಳಲ್ಲಿ ಭಾರತದ ಹವ್ಯಾಸಿಗಳಿಗೂ ಸ್ಟುಡಿಯೋಗಳಿಗೂ ಸೋವಿಯತ್ ತಯಾರಿಕೆಯ ಜೆನಿಟ್, ಪ್ರ್ಯಾಕ್ಟಿಕಾಗಳು ಕೈಗೆಟುಕಿದ್ದು ಈ ಹಿನ್ನೆಲೆಯಲ್ಲಿ. ಯುದ್ಧಪೂರ್ವದ ಜೈಸ್ ಸೊನ್ನಾರ್ ಆಧಾರದ ಮೇಲೆ ತಯಾರಾದ 135 ಮಿ.ಮೀ. ಜ್ಯುಪಿಟರ್-11, 300 ಮಿ.ಮೀ. ಟೈರ್-3, 200 ಮಿ.ಮೀ. ಪೆಂಟಾಕಾನ್ ಈ ವರ್ಗದ ಮುಖ್ಯ ಲೆನ್ಸ್‌ಗಳು. ಟೈರ್-3 ಲೆನ್ಸನ್ನು ಬಂದೂಕಿನ ಹಿಡಿಯಂಥ ಚೌಕಟ್ಟಿಗೆ ಕೂರಿಸಿದ ‘ಫೋಟೋಸ್ನೈಪರ್’ 1965ರಿಂದ ತಯಾರಾಯಿತು.

ಕೃಷ್ಣನ್ ಕ್ಯಾಮೆರಾ

ಒಂದು ಕಂಪನಿಯ ಲೆನ್ಸನ್ನು ಇನ್ನೊಂದರ ಕ್ಯಾಮೆರಾಕ್ಕೆ ಹೊಂದಿಸುವ ಕೆಲಸ ಇತ್ತೀಚಿನದೆಂದು ಭಾವಿಸುವುದು ಸರಿಯಲ್ಲ. ನಿಸರ್ಗ ಲೇಖಕ ಎಂ. ಕೃಷ್ಣನ್ (1912–1996) 1940ರ ದಶಕದಲ್ಲಿ ಇಂದಿನ ಬಳ್ಳಾರಿ ಜಿಲ್ಲೆಯ ಸಂಡೂರು ಸಂಸ್ಥಾನದ ಸೇವೆಯಲ್ಲಿದ್ದರು. ಮುಂದೆ ಮದರಾಸಿನಲ್ಲಿ ನೆಲೆಸಿ ದಕ್ಷಿಣದ ಕಾಡುಗಳಲ್ಲಿ ಕಪ್ಪು-ಬಿಳುಪು ಚಿತ್ರಗಳನ್ನು ತೆಗೆದರು. 1970ರಲ್ಲಿ ಅವರಿಗೆ ಪದ್ಮಶ್ರೀ ಬಂತು. ‘ಸೂಪರ್ ಪಾಂಡರೋಸಾ’ ಎಂದು ಹೆಸರಾದ ಅವರ ಕ್ಯಾಮೆರಾವನ್ನು ಮನೆಯಲ್ಲೇ ತಯಾರಿಸಿದ್ದೆಂದು ಹೇಳುವುದುಂಟು. ಅದನ್ನು ಕಂಡಿದ್ದ ಇ.ಪಿ. ಗೀ ಭಾರತದ ವನ್ಯಜೀವಿಗಳ ಬಗ್ಗೆ 1964ರಲ್ಲಿ ಹೊರತಂದ ಪುಸ್ತಕದ ವಿವರಣೆ ಹೆಚ್ಚು ನಿಖರವಾಗಿದೆ. ಅದರಂತೆ ಬಾಡಿ ಒಂದು ತಯಾರಿಕೆಯದು, ಟೆಲಿ ಲೆನ್ಸ್ ಇನ್ನೊಂದರದು. ಉಳಿದ ಭಾಗಗಳನ್ನೂ ಸೇರಿಸಿ ಒಂದಾಗಿ ಕೂರಿಸಿದ್ದಷ್ಟೇ ಕೃಷ್ಣನ್ನರ ಕೈಚಳಕ. ಭಾಗಗಳು ಕೊಂಡವು, ಜೋಡಣೆ ಸ್ವಂತದ್ದು. ಆನೆ, ಜಿಂಕೆಗಳ ಬೆಲೆಬಾಳುವ ದಾಖಲೆಗಳನ್ನು ಕೊಟ್ಟ ಈ ಜೋಡಣೆಯನ್ನು ಇಂದಿನ ರೂಢಿಯ ಪೂರ್ವಜ ಎನ್ನಬಹುದು.

ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ (1932–2017) ಮೊದಲಾದ ವನ್ಯಜೀವಿ ಛಾಯಾಗ್ರಾಹಕರು ಹೆಸರು ಮಾಡಿದ್ದು ಕೈ ಫೋಕಸಿನ ಕಾಲದಲ್ಲೇ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ (1938–2007) ಹಕ್ಕಿಗಳ ಬಗ್ಗೆ ಬರೆಯುವುದರ ಜತೆಗೆ ಅವುಗಳ ಚಿತ್ರವನ್ನೂ ತೆಗೆದು, ಈ ಹವ್ಯಾಸವನ್ನು ಕನ್ನಡ ಓದುಗರ ಮನೆಗಳಿಗೆ ತಂದರು.

ಆಟೋಫೋಕಸ್ ತಂದ ಬದಲಾವಣೆ

1985ರ ಮಿನೋಲ್ಟಾ 7000 ಆಟೋಫೋಕಸನ್ನು ಜನಪ್ರಿಯಗೊಳಿಸಿತು. ಕ್ಯಾನನ್ 1987ರಲ್ಲಿ ಎಫ್‌ಡಿ ಮೌಂಟನ್ನು ಕೈಬಿಟ್ಟಿತು. ನಿಕಾನ್ 1959ರ ಮೌಂಟನ್ನೇ ಉಳಿಸಿಕೊಂಡರೂ, 1977ಕ್ಕೆ ಮುಂಚಿನ ಲೆನ್ಸ್‌ಗಳು ಅದರ ಕೆಲವು ಕ್ಯಾಮೆರಾಗಳಿಗೆ ಹಾನಿ ಮಾಡಬಲ್ಲವು. ಎಷ್ಟೋ ಒಳ್ಳೆಯ ಲೆನ್ಸ್‌ಗಳು ಬೀರು ಸೇರಿದ್ದು ಆಗ.

ಮಿರರ್‌ಲೆಸ್ ತಿರುವು

ಲೆನ್ಸ್ ಕೂರುವ ಅಂಚಿನಿಂದ ಫಿಲಂ ಅಥವಾ ಸೆನ್ಸರಿಗೆ ಇರುವ ಅಂತರ ಎಂ42ರಲ್ಲಿ 45.46 ಮಿ.ಮೀ., ನಿಕಾನ್ ಎಫ್‌ನಲ್ಲಿ 46.5, ಕ್ಯಾನನ್ ಇಎಫ್‌ನಲ್ಲಿ 44. ಆದ್ದರಿಂದ ಎಂ42 ಲೆನ್ಸ್ 1.46 ಮಿ.ಮೀ. ರಿಂಗಿನ ಮೂಲಕ ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಸರಿಯಾಗಿ ಕೂರುತ್ತದೆ. ನಿಕಾನಿನಲ್ಲಿ ಅದು ಸೆನ್ಸರಿನಿಂದ ಇರಬೇಕಾದ್ದಕ್ಕಿಂತ ದೂರವೇ ಉಳಿಯುವುದರಿಂದ ದೂರದ ಬೆಟ್ಟಕ್ಕೆ ಫೋಕಸ್ ಸಿಗುವುದಿಲ್ಲ. ಅದನ್ನು ಸರಿಪಡಿಸಲು ನಡುವೆ ಗಾಜಿರುವ ಅಡಾಪ್ಟರ್ ಬೇಕಾಗುತ್ತದೆ, ಅಗ್ಗದ ಗಾಜು ಚಿತ್ರದ ಸ್ಪಷ್ಟತೆಯನ್ನು ಕುಗ್ಗಿಸುತ್ತದೆ.

2008ರ ಪ್ಯಾನಸಾನಿಕ್ ಜಿ1, 2010ರ ಸೋನಿ ನೆಕ್ಸ್ ಸರಣಿ, 2013ರ ಫುಲ್ ಫ್ರೇಮ್ ಸೋನಿ ಎ7 ಈ ತೊಡಕನ್ನು ಬಿಡಿಸಿದವು. ಕನ್ನಡಿ ಇಲ್ಲದ ಈ ಕ್ಯಾಮೆರಾಗಳಲ್ಲಿ ಅಂತರ ಬಹಳ ಕಡಿಮೆ. ಸೋನಿಯದು 18 ಮಿ.ಮೀ. ಮಾತ್ರ. ಹೀಗಾಗಿ 27.46 ಮಿ.ಮೀ. ಉದ್ದದ ಖಾಲಿ ಕೊಳವೆ ಎಂ42ಕ್ಕೂ 28.5 ಮಿ.ಮೀ. ಕೊಳವೆ ನಿಕಾನ್ ಲೆನ್ಸಿಗೂ ಸಾಕು. ಬೇರೆ ದಾರಿಯಿಲ್ಲದೆ ಮೂಲೆ ಸೇರಿದ್ದ ಕ್ಯಾನನ್ ಎಫ್‌ಡಿ ಲೆನ್ಸ್‌ಗಳಿಗೂ ಮರುಜೀವ ಬಂತು. ಫೋಕಸ್ ಆದ ಅಂಚುಗಳನ್ನು ಬಣ್ಣದಲ್ಲಿ ತೋರಿಸುವ ‘ಪೀಕಿಂಗ್’, ಪರದೆಯಲ್ಲಿ ದೃಶ್ಯವನ್ನು ಹಿಗ್ಗಿಸಿ ನೋಡುವ ಅನುಕೂಲ, ಬಾಡಿಯೊಳಗಿನ ನಡುಕ ನಿಯಂತ್ರಣ ಇವು ಕೈ ಫೋಕಸನ್ನು ಫಿಲಂ ಕಾಲಕ್ಕಿಂತ ಸುಲಭಗೊಳಿಸಿದವು. ಈ ರೂಢಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಅಡಾಪ್ಟರ್ ಮೂಲತಃ ಲೇತಿನ ಕೆಲಸ. ಎರಡೂ ಮುಖಗಳು ಸಮಾನಾಂತರವಾಗಿರಬೇಕು. ಕೊಂಚ ದಪ್ಪವಾದರೂ ಅನಂತ ದೂರದ ಫೋಕಸ್ ಕೈಬಿಡುತ್ತದೆ, ಕೂದಲೆಳೆಯಷ್ಟು ತೆಳುವಾದರೆ ತೊಂದರೆಯಿಲ್ಲ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದ ಲೇತ್ ಯಂತ್ರಗಳಿಗೆ ಹೆಸರಾದ ಹರಿಹರದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ದಾವಣಗೆರೆ–ಹರಿಹರದಲ್ಲಿ ಬಳಕೆ

ಈ ಭಾಗದ ನೆಲ ಇಂಥ ಲೆನ್ಸ್‌ಗಳಿಗೆ ಹೇಳಿ ಮಾಡಿಸಿದಂತಿದೆ. ದಾವಣಗೆರೆ ನಗರದ ಕುಂದುವಾಡ ಕೆರೆ, ಕೊಂಡಜ್ಜಿ ಕೆರೆ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಭದ್ರಾ ನಾಲೆಯ ಗದ್ದೆ ಬಯಲು, ಹರಿಹರದ ತುಂಗಭದ್ರಾ ದಡ, ಎಲ್ಲವೂ ಬಯಲು ಬೆಳಕಿನ ಜಾಗಗಳು. ಗದ್ದೆ ಉಳುವಾಗ ಟ್ರ್ಯಾಕ್ಟರ್ ಹಿಂದೆಯೇ ನಡೆಯುವ ಬೆಳ್ಳಕ್ಕಿ ಹೆಚ್ಚು ಬೆದರುವುದಿಲ್ಲ. ಅರ್ಧ ಮೀಟರಿನ ಆ ಹಕ್ಕಿ 20 ಮೀಟರ್ ದೂರದಲ್ಲಿ ನಿಂತರೆ, 300 ಮಿ.ಮೀ. ಲೆನ್ಸ್ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅದನ್ನು ಚೌಕಟ್ಟಿನ ಎತ್ತರದ ಮೂರರಲ್ಲೊಂದು ಭಾಗಕ್ಕೆ ತರುತ್ತದೆ. ಮಿಂಚುಳ್ಳಿ ಮತ್ತೆ ಮತ್ತೆ ಅದೇ ಕೊಂಬೆಗೆ ಬಂದು ಕೂರುತ್ತದೆ. ಕೊಂಬೆಯ ತೊಗಟೆಗೆ ಮೊದಲೇ ಫೋಕಸ್ ಇಟ್ಟು, ರಿಂಗನ್ನು ಮುಟ್ಟದೆ ಕಾಯುವುದೇ ಇಲ್ಲಿನ ಉಪಾಯ. ಹಾರುವ ಹಕ್ಕಿಯ ವಿಷಯದಲ್ಲಿ ಮಾತ್ರ ಈ ಲೆನ್ಸ್‌ಗಳು ಆಟೋಫೋಕಸ್ಸಿಗೆ ಸಾಟಿಯಲ್ಲ. ಬೇಸಿಗೆಯ ಮಧ್ಯಾಹ್ನ ಕಾದ ನೆಲದಿಂದ ಏಳುವ ಬಿಸಿಗಾಳಿ ಚಿತ್ರವನ್ನು ಕಲಕುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸುವುದು ಮೇಲು.

ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇಗುಲದಲ್ಲಿ ಕೈಗೆಟುಕದ ಎತ್ತರದ ಕೆತ್ತನೆಗಳನ್ನು 135 ಮಿ.ಮೀ. ಲೆನ್ಸ್ ನೆಲದಿಂದಲೇ ಬಿಡಿಸಿ ತೋರಿಸುತ್ತದೆ. ಕಲ್ಲು ಅಲುಗುವುದಿಲ್ಲ, ಹತ್ತು ಸಲ ರಿಂಗ್ ತಿರುಗಿಸಿ ನೋಡಲು ವ್ಯವಧಾನವಿದೆ. ಕೈ ಫೋಕಸ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು.

ತಯಾರಕರ ಗುರುತು

ಲೆನ್ಸಿನ ಮೇಲಿನ ಹೆಸರು ತಯಾರಕರದೇ ಆಗಿರಬೇಕೆಂದಿಲ್ಲ. ವಿವಿಟಾರ್ ಅಮೆರಿಕದ ಮಾರಾಟ ಸಂಸ್ಥೆ. ಲೆನ್ಸ್‌ಗಳನ್ನು ಜಪಾನಿನ ಹಲವು ಕಾರ್ಖಾನೆಗಳಲ್ಲಿ ಮಾಡಿಸುತ್ತಿತ್ತು. ಕ್ರಮಸಂಖ್ಯೆ 22ರಿಂದ ಆರಂಭವಾದರೆ ಕಿನೋ, 28 ಆದರೆ ಕೊಮಿನೆ, 37 ಆದರೆ ಟೋಕಿನಾ. ಗೋರ್ಲಿಟ್ಜ್‌ನ ಮೇಯರ್ ಆಪ್ಟಿಕ್ 1968ರಲ್ಲಿ ಪೆಂಟಾಕಾನಿನಲ್ಲಿ ವಿಲೀನವಾದ ಬಳಿಕ ಅದರ ಒರೆಸ್ಟೆಗೋರ್ 200 ಮಿ.ಮೀ. ಲೆನ್ಸ್ ಪೆಂಟಾಕಾನ್ ಹೆಸರಿನಲ್ಲಿ ಮುಂದುವರಿಯಿತು. ಎರಡಕ್ಕೂ ಬೇರೆ ಬೇರೆ ಬೆಲೆ ಕೇಳುವುದಕ್ಕೆ ಗಾಜಿನಲ್ಲಿ ಆಧಾರವಿಲ್ಲ. ಹಲವು ಸೋವಿಯತ್ ಲೆನ್ಸ್‌ಗಳ ಸಂಖ್ಯೆಯ ಮೊದಲ ಎರಡು ಅಂಕಿಗಳು ತಯಾರಾದ ವರ್ಷವನ್ನು ಸೂಚಿಸುತ್ತವೆ.

ಸ್ಥಿತಿ ಮತ್ತು ಆರೈಕೆ

ಕೊಳ್ಳುವ ಮೊದಲು ಲೆನ್ಸಿನ ಹಿಂದಿನಿಂದ ಟಾರ್ಚ್ ಬೆಳಕು ಹಾಯಿಸಿ ನೋಡಬೇಕು. ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಫಂಗಸ್. ಹಳತಾದರೆ ಗಾಜಿನ ಲೇಪವನ್ನೇ ತಿಂದಿರುತ್ತದೆ. ಮಲೆನಾಡಿನ ತೇವದಲ್ಲಿ ವರ್ಷಗಟ್ಟಲೆ ಚರ್ಮದ ಚೀಲದಲ್ಲಿದ್ದ ಲೆನ್ಸನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡುವುದು ರೂಢಿಯ ರಕ್ಷಣೆ. ದಾವಣಗೆರೆಯ ಒಣಹವೆ ಫಂಗಸ್ಸಿಗೆ ಅಷ್ಟಾಗಿ ಒಗ್ಗದಿದ್ದರೂ ಬಿಸಿಲಿಗೆ ಗ್ರೀಸ್ ಕರಗಿ ಅಪರ್ಚರ್ ಎಲೆಗಳ ಮೇಲೆ ಎಣ್ಣೆಯಾಗಿ ಹರಡಬಹುದು. ಕ್ಷಣದಲ್ಲಿ ಮುಚ್ಚಬೇಕಾದ ಸ್ವಯಂಚಾಲಿತ ಲೆನ್ಸಿಗೆ ಅದು ದೋಷ. ಕೈಯಿಂದ ತಿರುಗಿಸುವ ‘ಪ್ರಿಸೆಟ್’ ಅಪರ್ಚರಿನ ಜ್ಯುಪಿಟರ್, ಪೆಂಟಾಕಾನ್‌ಗಳಲ್ಲಿ ಎಲೆಗಳು ನಿಧಾನವಾಗಿ ಚಲಿಸಿದರೂ ಚಿತ್ರ ಕೆಡುವುದಿಲ್ಲ. ಯಾವ ಸರಳತೆಯಿಂದಾಗಿ ಇವು ಹಳತೆನಿಸಿಕೊಂಡವೋ ಅದೇ ಸರಳತೆ ಇವನ್ನು ಅರ್ಧ ಶತಮಾನದ ನಂತರವೂ ಕೆಲಸದಲ್ಲಿ ಉಳಿಸಿದೆ.